ಇಂಗ್ಲಿಷ್ ಪರೀಕ್ಷೆಗೆ ಕನ್ನಡ ಅಡ್ಡಿಯೇ?

ಈಚೀಚೆಗೆ ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಹೊಸದೊಂದು ವ್ರತ ಆರಂಭವಾಗಿದೆ. ಇದಕ್ಕೆ ತಿಥಿ ನಕ್ಷತ್ರಗಳ ಗೊಡವೆಯಿಲ್ಲ, ಪುರೋಹಿತರ ಅಗತ್ಯವೂ ಇಲ್ಲ. ಮಗನೋ ಮಗಳೋ ಐಇಎಲ್‌ಟಿಎಸ್ ಪರೀಕ್ಷೆಗೆ ಹೆಸರು ನೋಂದಾಯಿಸಿದ ದಿನ ಸಂಕಲ್ಪ. ಫಲಿತಾಂಶ ಬಂದ ದಿನ ಉದ್ಯಾಪನೆ. ನಿಯಮ ಒಂದೇ: ಪರೀಕ್ಷೆ ಮುಗಿಯುವ ತನಕ ಮನೆಯಲ್ಲಿ ಯಾರೂ ಕನ್ನಡ ಮಾತಾಡಕೂಡದು. ಊಟಕ್ಕೆ ಕರೆಯುವುದೂ ಇಂಗ್ಲಿಷಿನಲ್ಲಿ, ಬೈಯುವುದೂ ಇಂಗ್ಲಿಷಿನಲ್ಲಿ. ಊರಿನಿಂದ ಬಂದ ಅಜ್ಜಿ ಬಾಯಿ ತಪ್ಪಿ ‘ಏನು ಮಗಾ, ಊಟ ಆಯ್ತಾ?’ ಎಂದು ಕೇಳಿದರೆ, ‘ಅತ್ತೇ, ಅವಳಿಗೆ ಪರೀಕ್ಷೆ ಉಂಟು, ಕನ್ನಡದಲ್ಲಿ ಮಾತಾಡಿಸಬೇಡಿ’ ಎಂದು ಸೊಸೆ ಅಡುಗೆಮನೆಯಿಂದಲೇ ಎಚ್ಚರಿಸುತ್ತಾಳೆ. ಮನೆಮಾತು ತುಳುವೋ ಕೊಂಕಣಿಯೋ ಆಗಿರುವ ನಮ್ಮವರ ಮನೆಗಳಲ್ಲಿಯೂ ಇದೇ ಕಥೆ.

ಈ ವ್ರತವನ್ನು ಬೋಧಿಸುವವರು ಬಹುಮಟ್ಟಿಗೆ ಕೋಚಿಂಗ್ ಕ್ಲಾಸಿನವರು. ‘ಮಾತೃಭಾಷೆಯಲ್ಲಿ ಯೋಚಿಸುವುದನ್ನು ನಿಲ್ಲಿಸಿ’ ಎಂಬುದು ಅವರ ಮೊದಲ ಪಾಠ. ಕ್ಲಾಸಿನ ಫೀಜು ಬೇರೆ, ಪರೀಕ್ಷೆಯ ಫೀಜು ಬೇರೆ. ಒಮ್ಮೆ ಪರೀಕ್ಷೆಗೆ ಕೂರಲು ಇಂದು ರೂ. 15,000ಕ್ಕೂ ಹೆಚ್ಚು ಬೇಕು. ಅಷ್ಟು ಹಣ ಕೊಟ್ಟು ಕೇಳಿದ ಬುದ್ಧಿಮಾತನ್ನು ಅಲ್ಲಗಳೆಯುವ ಧೈರ್ಯ ತಂದೆತಾಯಿಗಳಿಗೆ ಬರುವುದಾದರೂ ಹೇಗೆ?

ನಾವು ಇಂಗ್ಲಿಷಿನ ವಿರೋಧಿಗಳಲ್ಲವೆಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ಬ್ರಿಟನ್ನಿನ ಆಸ್ಪತ್ರೆಯಲ್ಲಿ ನರ್ಸ್ ಆಗಬೇಕೆನ್ನುವ ಹುಡುಗಿಗೆ, ಆಸ್ಟ್ರೇಲಿಯದಲ್ಲಿ ಉನ್ನತ ವ್ಯಾಸಂಗ ಮಾಡಬೇಕೆನ್ನುವ ಹುಡುಗನಿಗೆ ಇಂಗ್ಲಿಷ್ ಬಲ್ಲೆನೆಂಬ ಪ್ರಮಾಣಪತ್ರ ಬೇಕೇ ಬೇಕು. ನಾವೇ ಊರು ಬಿಟ್ಟು ಬಂದವರು. ನಮ್ಮ ಮಕ್ಕಳಿಗೆ ದೇಶ ಬಿಡಬೇಡಿ ಎಂದು ಹೇಳುವ ಅಧಿಕಾರ ನಮಗಿಲ್ಲ. ನಮ್ಮ ತಕರಾರು ಒಂದೇ. ಕನ್ನಡವನ್ನು ಮನೆಯಿಂದ ಹೊರಗಿಟ್ಟರೆ ಇಂಗ್ಲಿಷ್ ಒಳಗೆ ಬರುತ್ತದೆ ಎಂಬ ನಂಬಿಕೆ ಶುದ್ಧ ಮೌಢ್ಯ. ವ್ಯಾಕರಣ, ಶಬ್ದಸಂಪತ್ತು, ಉಚ್ಚಾರಣೆ ಈ ಮೂರರಲ್ಲಿಯೂ ನಮ್ಮ ಮಕ್ಕಳ ಕೈಯಲ್ಲಿರುವ ಅತ್ಯುತ್ತಮ ಸಲಕರಣೆ ಕನ್ನಡವೇ. ಅದನ್ನು ಕಿತ್ತುಕೊಂಡು ಪರೀಕ್ಷೆಗೆ ಕಳುಹಿಸುವುದು ಪರೀಕ್ಷೆಗೂ ನಷ್ಟ, ಮನೆಗೂ ನಷ್ಟ.

ಈ ಪರೀಕ್ಷೆ ಏನನ್ನು ಕೇಳುತ್ತದೆ ಎಂಬುದನ್ನು ಮೊದಲು ನೋಡೋಣ. 1989ರಲ್ಲಿ ಆರಂಭವಾದ ಐಇಎಲ್‌ಟಿಎಸ್‌ನಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂಬ ನಾಲ್ಕು ಭಾಗಗಳಿವೆ. ಕೇಳುವ ಭಾಗಕ್ಕೆ 40 ಪ್ರಶ್ನೆ, ಓದುವ ಭಾಗಕ್ಕೆ 40 ಪ್ರಶ್ನೆ. ಬರೆಯುವ ಭಾಗದಲ್ಲಿ ಒಂದು ಗಂಟೆಯೊಳಗೆ 150 ಪದಗಳಿಗೆ ಕಡಮೆಯಿಲ್ಲದ ಒಂದು, 250 ಪದಗಳಿಗೆ ಕಡಮೆಯಿಲ್ಲದ ಇನ್ನೊಂದು, ಹೀಗೆ ಎರಡು ಬರಹಗಳು. ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ಅಲ್ಲಿ ಪರೀಕ್ಷಕರು ತೂಗಿನೋಡುವುದು ನಾಲ್ಕು ಗುಣಗಳನ್ನು: ತಡವರಿಸದೆ ಸುಸಂಬದ್ಧವಾಗಿ ಮಾತಾಡುವ ಶಕ್ತಿ, ಶಬ್ದಸಂಪತ್ತು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮಾನ ತೂಕ. ಮಾತೃಭಾಷೆಯನ್ನು ಮರೆತಿರಬೇಕೆಂಬ ಷರತ್ತು ಇದರಲ್ಲಿ ಎಲ್ಲಿದೆ? ಲಂಡನ್ನಿನವರ ಧಾಟಿಯಲ್ಲಿಯೇ ಮಾತಾಡಬೇಕೆಂದೂ ಅವರು ಕೇಳುವುದಿಲ್ಲ. ಹೇಳಿದ್ದು ಕೇಳುವವರಿಗೆ ಸಲೀಸಾಗಿ ತಿಳಿಯಬೇಕು, ಅಷ್ಟೇ. ಬಾಯಿಪಾಠ ಮಾಡಿಕೊಂಡು ಬಂದ ಉತ್ತರವನ್ನು ಮಾತ್ರ ಅವರು ಒಪ್ಪುವುದಿಲ್ಲ; ಗುರುತು ಹಿಡಿದರೆ ಅಂಕ ಇಳಿಯುತ್ತದೆ.

ಇನ್ನೂ ಹಿಂದಕ್ಕೆ ಹೋಗೋಣ. ಇಂಗ್ಲಿಷ್ ಮಾತೃಭಾಷೆಯಲ್ಲದವರಿಗಾಗಿ ಕೇಂಬ್ರಿಜ್ ವಿಶ್ವವಿದ್ಯಾಲಯದವರು ತಮ್ಮ ಮೊದಲ ಪರೀಕ್ಷೆಯನ್ನು ನಡೆಸಿದ್ದು 1913ರಲ್ಲಿ. ವ್ಯಾಕರಣ, ಪ್ರಬಂಧ, ಸಾಹಿತ್ಯ, ಧ್ವನಿಶಾಸ್ತ್ರ, ಉಕ್ತಲೇಖನ, ಸಂಭಾಷಣೆ, ಎಲ್ಲ ಸೇರಿ ಸುಮಾರು 12 ಗಂಟೆಗಳ ಪರೀಕ್ಷೆ. ಕುಳಿತವರು ಮೂವರು, ತೇರ್ಗಡೆಯಾದವರು ಒಬ್ಬರೂ ಇಲ್ಲ. ಅಷ್ಟು ಕಠಿಣವಾದ ಆ ಪರೀಕ್ಷೆಯಲ್ಲಿ ಇಂಗ್ಲಿಷಿನಿಂದ ಫ್ರೆಂಚ್ ಅಥವಾ ಜರ್ಮನ್ ಭಾಷೆಗೆ, ಮತ್ತೆ ಅವುಗಳಿಂದ ಇಂಗ್ಲಿಷಿಗೆ ಭಾಷಾಂತರಿಸುವ ಪತ್ರಿಕೆಗಳೂ ಇದ್ದವು. ಅಂದರೆ ಇಂಗ್ಲಿಷಿನ ಒಡೆಯರೇ ಅಂದು, ‘ನಿನ್ನ ಭಾಷೆಯನ್ನು ಜೊತೆಗೆ ತಾ, ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸು’ ಎಂದಿದ್ದರು. ಪರೀಕ್ಷೆಯ ರೂಪ ಆಮೇಲೆ ಬದಲಾಯಿತು, ನಿಜ. ಆದರೆ ಒಂದು ಭಾಷೆಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡುವ ಕಣ್ಣು ಇಂದಿಗೂ ಅಷ್ಟೇ ಉಪಯುಕ್ತ.

ವ್ಯಾಕರಣವನ್ನೇ ತೆಗೆದುಕೊಳ್ಳಿ. ‘ಬಂದ’, ‘ಬಂದಿದ್ದಾನೆ’, ‘ಬಂದಿದ್ದ’ ಈ ಮೂರರ ವ್ಯತ್ಯಾಸ ನಮ್ಮ ಐದು ವರ್ಷದ ಮಗುವಿಗೂ ಗೊತ್ತು. ಮಾವ ಬಂದಿದ್ದಾನೆ ಎಂದರೆ ಅವನು ಈಗ ಮನೆಯಲ್ಲಿದ್ದಾನೆ. ಮಾವ ಬಂದಿದ್ದ ಎಂದರೆ ಬಂದು ಹೋಗಿದ್ದಾನೆ. ಇಂಗ್ಲಿಷಿನ ‘ಕೇಮ್’, ‘ಹ್ಯಾಸ್ ಕಮ್’, ‘ಹ್ಯಾಡ್ ಕಮ್’ ಎಂಬ ಮೂರು ರೂಪಗಳನ್ನು ಕಲಿಸಲು ಇದಕ್ಕಿಂತ ಸುಲಭವಾದ ದಾರಿ ಬೇರೆ ಯಾವುದಿದೆ? ಎರಡು ಭಾಷೆಗಳ ಹೊಂದಿಕೆ ಎಲ್ಲ ಕಡೆ ಸರಿಹೋಗುವುದಿಲ್ಲ, ಆದರೆ ಅಡಿಪಾಯ ಸಿಕ್ಕಿತಲ್ಲ! ಕ್ಲಾಸಿನ ನೋಟ್ಸಿನಲ್ಲಿ ಹನ್ನೆರಡು ಮನೆಗಳ ಕೋಷ್ಟಕ ಬರೆಸಿ ಉರು ಹೊಡೆಸುವ ವಿಷಯ ನಮ್ಮ ಮಗುವಿನ ನಾಲಿಗೆಯ ಮೇಲೆ ಆಗಲೇ ಕುಳಿತಿದೆ.

ಹೊಂದಿಕೆಯಿಲ್ಲದ ಕಡೆಯಲ್ಲಿಯೂ ಕನ್ನಡವೇ ದಾರಿ ತೋರಿಸುತ್ತದೆ. ನಾವು ‘ಹತ್ತು ವರ್ಷದಿಂದ ಇಲ್ಲಿ ಇದ್ದೇನೆ’ ಎನ್ನುತ್ತೇವೆ. ಅದನ್ನೇ ಇಂಗ್ಲಿಷಿಗೆ ಇಳಿಸಿ ‘ಐ ಆಮ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎಂದರೆ ತಪ್ಪು. ‘ಐ ಹ್ಯಾವ್ ಬೀನ್ ಹಿಯರ್ ಫಾರ್ ಟೆನ್ ಇಯರ್ಸ್’ ಎನ್ನಬೇಕು. ನಾವು ಯಾವ ಮಾತಿಗೂ ‘ಅಲ್ಲವೇ’ ಎಂಬ ಒಂದೇ ಬಾಲ ಹಚ್ಚಿ ಪ್ರಶ್ನೆ ಮಾಡುತ್ತೇವೆ. ಅದೇ ಅಭ್ಯಾಸದಿಂದ ‘ಯೂ ಆರ್ ಕಮಿಂಗ್, ಇಸಿಂಟ್ ಇಟ್?’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಆ ಬಾಲ ಕರ್ತೃ ಕ್ರಿಯಾಪದಗಳಿಗೆ ಹೊಂದಿಕೊಂಡು ‘ಆರಂಟ್ ಯೂ’ ಆಗಬೇಕು. ನಮ್ಮಲ್ಲಿ ವಿಭಕ್ತಿ ಪ್ರತ್ಯಯ ನಾಮಪದದ ಹಿಂದೆ ಬರುತ್ತದೆ, ಅವರಲ್ಲಿ ಆ ಕೆಲಸದ ಪದ ಮುಂದೆ ಬರುತ್ತದೆ. ನಮ್ಮ ಕ್ರಿಯಾಪದ ವಾಕ್ಯದ ಕೊನೆಯಲ್ಲಿ, ಅವರದು ನಡುವೆ. ‘ಎ’, ‘ದ’ ಎಂಬ ಎರಡು ಪುಟ್ಟ ಪದಗಳು ನಮ್ಮಲ್ಲಿ ಇಲ್ಲವೇ ಇಲ್ಲ. ಆದ್ದರಿಂದಲೇ ಬರೆಯುವಾಗ ಮೊದಲು ಬಿಟ್ಟುಹೋಗುವುದು ಅವೇ. ತಪ್ಪು ಎಲ್ಲಿಂದ ಹುಟ್ಟುತ್ತದೆ ಎಂದು ತಿಳಿದವನು ಅದನ್ನು ತಿದ್ದಿಕೊಳ್ಳಬಲ್ಲ. ಕನ್ನಡವನ್ನೇ ಮರೆಸಿದ ಮೇಲೆ ತಪ್ಪಿನ ಮೂಲವನ್ನು ಹುಡುಕುವುದೆಲ್ಲಿ?

ಇನ್ನು ಶಬ್ದಸಂಪತ್ತು. ಕ್ಲಾಸುಗಳಲ್ಲಿ ಅಪರೂಪದ ಶಬ್ದಗಳ ಪಟ್ಟಿಯೊಂದನ್ನು ಕೈಗೆ ಕೊಡುತ್ತಾರೆ. ‘ಪ್ಲೆಥೊರ’, ‘ಮಿರಿಯಡ್’ ಇತ್ಯಾದಿ. ‘ಮೆನಿ’ ಎನ್ನುವ ಕಡೆಯಲ್ಲೆಲ್ಲ ‘ಪ್ಲೆಥೊರ’ ತುರುಕಿದರೆ ಬ್ಯಾಂಡು ಏರುತ್ತದೆಂದು ಮಕ್ಕಳು ನಂಬುತ್ತಾರೆ. ಇದು ಮದುವೆಮನೆಯಲ್ಲಿ ಬಾಡಿಗೆಯ ಒಡವೆ ಹೇರಿಕೊಂಡಂತೆ. ನೋಡುವವರಿಗೆ ತಿಳಿಯದೆ ಇರುತ್ತದೆಯೇ? ಶಬ್ದಜ್ಞಾನವೆಂದರೆ ಯಾವ ಶಬ್ದ ಯಾವುದರ ಜೊತೆ ಬಾಳುವೆ ಮಾಡುತ್ತದೆ ಎಂಬ ಅರಿವು. ಕನ್ನಡದಲ್ಲಿ ಮಳೆ ಸುರಿಯುತ್ತದೆ, ಗಾಳಿ ಬೀಸುತ್ತದೆ, ದೀಪ ಉರಿಯುತ್ತದೆ; ಯಾರೂ ಗಾಳಿ ಸುರಿಯಿತು ಎನ್ನುವುದಿಲ್ಲ. ಈ ನಂಟು ಒಂದು ಭಾಷೆಯಲ್ಲಿ ಗಟ್ಟಿಯಾಗಿದ್ದ ಮಗು ಇನ್ನೊಂದು ಭಾಷೆಯಲ್ಲಿಯೂ ಅದನ್ನು ಹುಡುಕುತ್ತದೆ. ಮಳೆಗೆ ‘ಹೆವಿ’, ಚಹಕ್ಕೆ ‘ಸ್ಟ್ರಾಂಗ್’ ಎಂಬುದನ್ನು ಗಮನಿಸಿ ಬರೆದಿಟ್ಟುಕೊಳ್ಳುತ್ತದೆ. ಮುಂಬಯಿಯ ಮಕ್ಕಳು ‘ಐ ಆಮ್ ಗಿವಿಂಗ್ ಆನ್ ಎಕ್ಸಾಮ್’ ಎನ್ನುವುದನ್ನು ದಿನವೂ ಕೇಳುತ್ತೇವೆ. ಅದು ಹಿಂದಿ ಮರಾಠಿಗಳಿಂದ ಬಂದದ್ದು, ಅಲ್ಲಿ ಪರೀಕ್ಷೆಯನ್ನು ಕೊಡುತ್ತಾರೆ. ಕನ್ನಡದಲ್ಲಿ ಪರೀಕ್ಷೆ ಬರೆಯುತ್ತೇವೆ, ಪರೀಕ್ಷೆಗೆ ಕೂರುತ್ತೇವೆ. ಇಂಗ್ಲಿಷಿನಲ್ಲಿಯೂ ವಿದ್ಯಾರ್ಥಿ ಪರೀಕ್ಷೆಗೆ ‘ಸಿಟ್’ ಮಾಡುತ್ತಾನೆ ಅಥವಾ ಅದನ್ನು ‘ಟೇಕ್’ ಮಾಡುತ್ತಾನೆ. ಇಲ್ಲಿ ಕನ್ನಡ ಮಗುವಿಗೆ ಅರ್ಧ ದಾರಿ ಆಗಲೇ ಸವೆದಿದೆ.

ಹಳೆಯ ಕನ್ನಡ ಮೇಷ್ಟರುಗಳು ಉಪಸರ್ಗ ಕಲಿಸುತ್ತಿದ್ದ ರೀತಿಯನ್ನು ಹಿರಿಯ ಓದುಗರು ನೆನಪಿಸಿಕೊಳ್ಳಬೇಕು. ಒಂದೇ ಧಾತುವಿನಿಂದ ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ! ಇಂಗ್ಲಿಷಿನ ‘ಪೋರ್ಟ್’ ಕೂಡ ಹಾಗೆಯೇ: ಇಂಪೋರ್ಟ್, ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್, ರಿಪೋರ್ಟ್, ಸಪೋರ್ಟ್. ಹಿಂದಿನ ತುಂಡು ಬದಲಾದಂತೆ ಅರ್ಥ ಬದಲಾಗುವ ಈ ಆಟವನ್ನು ಕನ್ನಡದಲ್ಲಿ ಆಡಿದ ಹುಡುಗ ಇಂಗ್ಲಿಷಿನ ಅಪರಿಚಿತ ಶಬ್ದವನ್ನು ಕಂಡು ಹೆದರುವುದಿಲ್ಲ, ಬಿಡಿಸಿ ನೋಡುತ್ತಾನೆ. ಹೀಗೆ ಸಿಕ್ಕ ಹತ್ತು ಶಬ್ದ ಪಟ್ಟಿಯ ನೂರು ಶಬ್ದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ.

ಉಚ್ಚಾರಣೆಯ ವಿಷಯದಲ್ಲಂತೂ ನಮ್ಮವರ ಕೀಳರಿಮೆಗೆ ಮೇರೆಯಿಲ್ಲ. ‘ಕನ್ನಡದವರ ನಾಲಿಗೆ ದಪ್ಪ’ ಎಂದು ನಾವೇ ಹೇಳಿಕೊಂಡು ತಿರುಗುತ್ತೇವೆ. ವಾಸ್ತವವೇನು? ದಿನಬಳಕೆಯ ದೇವನಾಗರಿ ಬರಹದಲ್ಲಿ ಹ್ರಸ್ವ ‘ಎ’ಕಾರಕ್ಕೆ ಬೇರೆ ಅಕ್ಷರವಿಲ್ಲ. ನಮ್ಮಲ್ಲಿ ಇದೆ. ‘ಬೆಳೆ’ ಬೇರೆ, ‘ಬೇಳೆ’ ಬೇರೆ ಎಂದು ಸಾರಿಗೆ ಹಾಕುವ ಮೊದಲೇ ನಮಗೆ ಗೊತ್ತು. ಹಾಗಾಗಿ ಟೆಸ್ಟ್ ಮತ್ತು ಟೇಸ್ಟ್, ಸೆಲ್ ಮತ್ತು ಸೇಲ್, ಪೆನ್ ಮತ್ತು ಪೇನ್ ಇವುಗಳನ್ನು ಬೇರ್ಪಡಿಸಲು ಕನ್ನಡದ ಕಿವಿಗೆ ಕಷ್ಟವಿಲ್ಲ. ಕೇಳುವ ಭಾಗದ ಪ್ರಶ್ನೆಗಳಲ್ಲಿ ಈ ಕಿವಿಗೆ ಬೆಲೆಯಿದೆ.

ನಮ್ಮ ಕೊರತೆಗಳೂ ಇವೆ; ಅವನ್ನು ಮುಚ್ಚಿಡಬೇಕಾಗಿಲ್ಲ. ‘ಎಗ್’ ಎನ್ನುವಲ್ಲಿ ‘ಯೆಗ್’ ಎನ್ನುತ್ತೇವೆ, ‘ಓನ್ಲಿ’ ಎನ್ನುವಲ್ಲಿ ‘ವೋನ್ಲಿ’ ಎನ್ನುತ್ತೇವೆ. ಬಸ್ಸು, ಕಾರು, ರೋಡು ಎಂದು ಕೊನೆಗೊಂದು ಉಕಾರ ಸೇರಿಸಿ ಕನ್ನಡದ ಜಾತಿಗೆ ಸೇರಿಸಿಕೊಂಡಿದ್ದೇವೆ. ಕನ್ನಡದಲ್ಲಿ ಅದೇ ಚೆಂದ. ಇಂಗ್ಲಿಷ್ ಆಡುವಾಗ ಆ ಉಕಾರವನ್ನು ಬಿಟ್ಟರಾಯಿತು. ಒಳಗೆ ತೊಡುವ ‘ವೆಸ್ಟ್’, ಪಶ್ಚಿಮ ದಿಕ್ಕಿನ ‘ವೆಸ್ಟ್’ ಎರಡನ್ನೂ ನಾವು ಒಂದೇ ‘ವ’ದಲ್ಲಿ ಬರೆಯುತ್ತೇವೆ. ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಯನ್ನು ತಾಗಬೇಕು, ಎರಡನೆಯದಕ್ಕೆ ಎರಡು ತುಟಿಗಳೂ ದುಂಡಗಾಗಬೇಕು. ಕನ್ನಡಿಯ ಮುಂದೆ ನಿಂತು ಒಂದು ವಾರ ಅಭ್ಯಾಸ ಮಾಡಿದರೆ ಬರುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆ ಒತ್ತಿನದು. ನಾವು ಎಲ್ಲ ಅಕ್ಷರಗಳನ್ನೂ ಹೆಚ್ಚುಕಡಮೆ ಸಮನಾಗಿ ನುಡಿಯುತ್ತೇವೆ. ಇಂಗ್ಲಿಷ್ ಒಂದನ್ನು ಎತ್ತಿ ಉಳಿದವನ್ನು ತಗ್ಗಿಸುತ್ತದೆ. ‘ರೆಕಾರ್ಡ್’ ನಾಮಪದವಾದರೆ ಒತ್ತು ಮೊದಲ ಭಾಗದ ಮೇಲೆ, ಕ್ರಿಯಾಪದವಾದರೆ ಎರಡನೆಯದರ ಮೇಲೆ. ‘ಫೋಟೋಗ್ರಾಫ್’ ಶಬ್ದದಲ್ಲಿ ಮೊದಲಿದ್ದ ಒತ್ತು ‘ಫೋಟೋಗ್ರಫಿ’ಯಲ್ಲಿ ಎರಡನೆಯದಕ್ಕೆ ಜಾರುತ್ತದೆ. ಇಂಗ್ಲಿಷಿನ ಒತ್ತು ಬೇರೆ, ನಮ್ಮ ಲಘು ಗುರು ಬೇರೆ. ಆದರೂ ಒಂದು ಷಟ್ಪದಿಗೆ ಪ್ರಸ್ತಾರ ಹಾಕಿ, ಒಂದೊಂದು ಅಕ್ಷರದ ಅಳತೆಗೂ ಕಿವಿಗೊಟ್ಟು ಕಲಿತವರಿಗೆ ಇದನ್ನು ಹಿಡಿಯುವುದು ಹೆಚ್ಚು ಸುಲಭ.

ಇಷ್ಟಾದರೂ ಕೆಲವರು ಹೇಳುವುದುಂಟು: ‘ಅದೆಲ್ಲ ಸರಿ ಸ್ವಾಮಿ, ಆದರೆ ಮನೆಯಲ್ಲಿ ಇಂಗ್ಲಿಷ್ ಆಡದೆ ಅಭ್ಯಾಸವಾಗುವುದು ಹೇಗೆ?’ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಆಡದೆ ಯಾವ ಭಾಷೆಯೂ ಬರುವುದಿಲ್ಲ. ಆದರೆ ನಮ್ಮ ಮನೆಗಳ ಇಂಗ್ಲಿಷ್ ಎಂದರೆ ಏನು? ‘ಕಮ್, ಸಿಟ್, ಈಟ್ ಫಾಸ್ಟ್, ಡೋಂಟ್ ಟಚ್, ಗೋ ಸ್ಲೀಪ್.’ ನಾಯಿಗೆ ಹೇಳುವ ಆಜ್ಞೆಗಳಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಇದರಿಂದ ಮಗುವಿನ ಶಬ್ದಸಂಪತ್ತು ಬೆಳೆಯುವುದೇ? ಕನ್ನಡದಲ್ಲಿ ಆಫೀಸಿನ ರಾಜಕೀಯ, ಊರಿನ ಜಮೀನಿನ ವ್ಯಾಜ್ಯ, ದೇಶದ ಚುನಾವಣೆ ಎಲ್ಲವನ್ನೂ ಸೊಗಸಾಗಿ ವಿವರಿಸಬಲ್ಲ ತಂದೆ, ಇಂಗ್ಲಿಷಿಗೆ ತಿರುಗಿದೊಡನೆ ಎರಡು ವಾಕ್ಯಕ್ಕೆ ಮುಗಿಸುತ್ತಾನೆ. ಅಲ್ಲಿಗೆ ಮನೆಯಲ್ಲಿ ವಿಚಾರವೇ ನಿಂತುಹೋಯಿತು. ಅಭ್ಯಾಸ ಬೇಕಾದವರು ದಿನಕ್ಕೆ ಒಂದು ಗಂಟೆ ಗೊತ್ತುಮಾಡಿಕೊಂಡು ಬಲ್ಲವರೊಡನೆ ಮಾತಾಡಲಿ, ಒಳ್ಳೆಯ ಇಂಗ್ಲಿಷ್ ಪತ್ರಿಕೆ ಓದಲಿ, ರೇಡಿಯೋ ವಾರ್ತೆ ಕೇಳಲಿ. ಉಳಿದ ಗಂಟೆಗಳಲ್ಲಿ ಮನೆ ಮನೆಯಾಗಿಯೇ ಇರಲಿ.

ವಿಚಾರದ ಮಾತು ಬಂದದ್ದರಿಂದ ಮುಖ್ಯವಾದುದೊಂದನ್ನು ಹೇಳಬೇಕು. ಮಾತಿನ ಪರೀಕ್ಷೆಯ ಎರಡನೆಯ ಹಂತದಲ್ಲಿ ಅಭ್ಯರ್ಥಿಯ ಕೈಗೆ ಒಂದು ಚೀಟಿ ಕೊಡುತ್ತಾರೆ. ಯೋಚಿಸಲು ಒಂದು ನಿಮಿಷ, ಆಮೇಲೆ ಒಂದೆರಡು ನಿಮಿಷ ತಾನೇ ಮಾತಾಡಬೇಕು. ವಿಷಯ ಒಬ್ಬ ವ್ಯಕ್ತಿ, ಒಂದು ಸ್ಥಳ, ಒಂದು ನೆನಪು, ಹೀಗೆ ತೀರ ಸಾಮಾನ್ಯವಾದದ್ದು. ಅಲ್ಲಿ ತಡವರಿಸುವ ಎಷ್ಟೋ ಮಕ್ಕಳಿಗೆ ಇಂಗ್ಲಿಷ್ ಬಾರದೆ ಹೋಗಿರುವುದಿಲ್ಲ, ಹೇಳಲು ಏನೂ ಹೊಳೆದಿರುವುದಿಲ್ಲ. ಯಕ್ಷಗಾನ ನೋಡಿ ರಾತ್ರಿ ಕಳೆದವರ ಕಥೆ, ಬರಗಾಲದಲ್ಲಿ ಊರು ಬಿಟ್ಟವರ ಕಥೆ, ಹದಿನಾಲ್ಕನೆಯ ವಯಸ್ಸಿಗೆ ಬೊಂಬಾಯಿಯ ಬಸ್ಸು ಹತ್ತಿದ ಮಾವನ ಕಥೆ, ಇವೆಲ್ಲ ಮನೆಯಲ್ಲಿ ಕನ್ನಡದಲ್ಲಿ ತಾನೇ ಹರಿದುಬರುವುದು? ಆ ಹರಿವನ್ನು ಆರು ತಿಂಗಳು ಕಟ್ಟಿಹಾಕಿ, ಮಗುವನ್ನು ಖಾಲಿ ಕೊಡದಂತೆ ಪರೀಕ್ಷಕರ ಮುಂದೆ ಕೂರಿಸುತ್ತೇವೆ. ಅಲ್ಲಿಂದ ಏನು ಬಗ್ಗಿಸಲು ಸಾಧ್ಯ?

ಕನ್ನಡ ಇಂಗ್ಲಿಷಿಗೆ ಅಡ್ಡಿ ಎನ್ನುವವರು ನಮ್ಮ ಹಿರಿಯರತ್ತ ಒಮ್ಮೆ ನೋಡಬೇಕು. ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರು. 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಸಂಕಲನವನ್ನು ಕೊಟ್ಟು ಕನ್ನಡ ಕಾವ್ಯದ ದಿಕ್ಕನ್ನೇ ತಿರುಗಿಸಿದರು. ವಿ.ಕೃ. ಗೋಕಾಕರು ಹೈದರಾಬಾದಿನಲ್ಲಿ 1958ರಲ್ಲಿ ಸ್ಥಾಪನೆಯಾದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ನ ನಿರ್ದೇಶಕರಾಗಿದ್ದವರು, ಅಂದರೆ ಇಂಗ್ಲಿಷ್ ಕಲಿಸುವವರಿಗೇ ಕಲಿಸುವ ಸಂಸ್ಥೆಯನ್ನು ನಡೆಸಿದವರು. ಶಾಲೆಗಳಲ್ಲಿ ಕನ್ನಡಕ್ಕೆ ಅಗ್ರಸ್ಥಾನ ಬೇಕೆಂಬ 1981ರ ವರದಿಗೆ ಇರುವುದೂ ಅವರದೇ ಹೆಸರು. ಯು.ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಇಂಗ್ಲಿಷಿನ ಡಾಕ್ಟರೇಟಿಗಾಗಿ ಓದುತ್ತಿದ್ದ ಕಾಲದಲ್ಲಿಯೇ ಬರೆದದ್ದು ‘ಸಂಸ್ಕಾರ’ವನ್ನು. ಇವರಲ್ಲಿ ಯಾರಿಗೆ ಕನ್ನಡ ಅಡ್ಡಿಯಾಯಿತು?

ಅವರೆಲ್ಲ ಮಹಾನುಭಾವರು, ನಮ್ಮಂಥವರ ಮಾತೇನು ಎನ್ನುವಿರಾದರೆ ಈ ನಗರದ ರಾತ್ರಿಶಾಲೆಗಳನ್ನು ನೆನೆಯಿರಿ. ಹಗಲು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತು ಕಲಿತ ಒಂದು ತಲೆಮಾರೇ ನಮ್ಮ ನಡುವೆ ಇತ್ತು. ಅವರಿಗೆ ಇಂಗ್ಲಿಷ್ ಬಂದದ್ದು ಕನ್ನಡದ ಮೂಲಕ. ಅದೇ ಇಂಗ್ಲಿಷಿನಿಂದ ಅವರು ಬ್ಯಾಂಕು ಸೇರಿದರು, ವಕೀಲರಾದರು, ಸ್ವಂತ ಉದ್ಯಮ ಕಟ್ಟಿದರು. ಅಂಥವರ ಮೊಮ್ಮಕ್ಕಳಿಗೆ ಇಂದು ಕನ್ನಡ ಶತ್ರುವಾಯಿತೇ? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದಕ್ಕಿಂತ ನಿದರ್ಶನ ಬೇಡ.

ಈ ವ್ಯಾಪಾರದ ಲಾಭನಷ್ಟವನ್ನು ಒಮ್ಮೆ ಲೆಕ್ಕ ಹಾಕೋಣ. ಐಇಎಲ್‌ಟಿಎಸ್ ಫಲಿತಾಂಶಕ್ಕೆ ಸಾಮಾನ್ಯವಾಗಿ ಇರುವ ಆಯುಸ್ಸು 2 ವರ್ಷ. ಆ ಅವಧಿ ಕಳೆದರೆ ಮತ್ತೆ ಹಣ ಕಟ್ಟಿ ಮತ್ತೆ ಬರೆಯಬಹುದು. ಆದರೆ ಹದಿಹರೆಯದಲ್ಲಿ ಮನೆಮಾತಿನ ಬಳಕೆ ತಪ್ಪಿ, ‘ಕನ್ನಡ ಅರ್ಥವಾಗುತ್ತದೆ, ಮಾತಾಡಲು ಬರುವುದಿಲ್ಲ’ ಎಂಬ ಸ್ಥಿತಿಗೆ ಮಗು ಬಂದರೆ, ಅದನ್ನು ಮತ್ತೆ ಗಳಿಸಲು ಯಾವ ಕ್ಲಾಸಿಗೆ ಸೇರಿಸುವಿರಿ? ನಾಳೆ ಆ ಮಗು ಮೆಲ್ಬೋರ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಇರುತ್ತದೆ. ರಾತ್ರಿ ಫೋನು ಮಾಡಿ ‘ಅಮ್ಮಾ, ಮನಸ್ಸಿಗೆ ಸರಿಯಿಲ್ಲ’ ಎಂದು ಹೇಳಿಕೊಳ್ಳಲು ಅದಕ್ಕೆ ಒಂದು ಭಾಷೆ ಬೇಕು. ಕೇಳಿಸಿಕೊಳ್ಳುವ ತಾಯಿಗೂ ಆ ಭಾಷೆ ಬರಬೇಕು. ಎರಡು ವರ್ಷ ಬಾಳುವ ಕಾಗದಕ್ಕೆ ಜೀವಮಾನದ ಮಾತನ್ನು ಅಡವಿಡುವುದು ಯಾವ ಜಾಣತನ?

ಬರಿಯ ಟೀಕೆಯಿಂದ ಪ್ರಯೋಜನವಿಲ್ಲವಾದ್ದರಿಂದ ನಾಲ್ಕು ಸೂಚನೆಗಳನ್ನೂ ಮುಂದಿಡುತ್ತೇವೆ. ಒಂದು, ಪರೀಕ್ಷೆಗೆ ಕೂರುವವರು ದಿನಕ್ಕೊಂದು ಕನ್ನಡ ಪ್ಯಾರಾವನ್ನು ಇಂಗ್ಲಿಷಿಗೆ ಇಳಿಸಲಿ. ಮರುದಿನ ಮೂಲವನ್ನು ನೋಡದೆ ಅದನ್ನು ಕನ್ನಡಕ್ಕೆ ತರಲಿ. ಎಲ್ಲಿ ಜಾರಿದೆವೆಂದು ತಾನಾಗಿ ಕಾಣುತ್ತದೆ. ಎರಡು, ಹೊಸ ಶಬ್ದವನ್ನು ಒಂಟಿಯಾಗಿ ಬರೆಯದೆ, ಅದು ಬಂದ ವಾಕ್ಯದ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡಲಿ; ದಿನಕ್ಕೆ ಐದು ಸಾಕು. ಮೂರು, ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ, ತಾವೇ ಕೇಳಿಸಿಕೊಳ್ಳಲಿ. ನಾಲ್ಕು, ಯಾವುದಾದರೊಂದು ವಿಷಯವನ್ನು ಎರಡು ನಿಮಿಷ ಮನೆಯ ಹಿರಿಯರಿಗೆ ಕನ್ನಡದಲ್ಲಿ ಹೇಳಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಲಿ. ಮೊದಲನೆಯದು ಸರಿಯಾಗಿ ಬಂದರೆ ಎರಡನೆಯದಕ್ಕೆ ಬೇಕಾದ ಸರಕು ಸಿದ್ಧವಾದಂತೆಯೇ.

ಸಂಘಕ್ಕೂ ಒಂದು ಕರ್ತವ್ಯವಿದೆ. ನಾಟಕ, ಹರಿಕಥೆ, ರಾಜ್ಯೋತ್ಸವಗಳಿಗೆ ತೆರೆಯುವ ನಮ್ಮ ಸಭಾಗೃಹ ಭಾನುವಾರ ಬೆಳಿಗ್ಗೆ ಬೀಗ ಹಾಕಿಕೊಂಡಿರುತ್ತದೆ. ನಮ್ಮ ಸದಸ್ಯರಲ್ಲಿ ನಿವೃತ್ತ ಇಂಗ್ಲಿಷ್ ಅಧ್ಯಾಪಕರಿದ್ದಾರೆ, ಜೀವಮಾನವಿಡೀ ಇಂಗ್ಲಿಷಿನಲ್ಲಿ ಕಡತ ಬರೆದ ಬ್ಯಾಂಕ್ ಅಧಿಕಾರಿಗಳಿದ್ದಾರೆ. ಅಲ್ಲಿ ಒಂದು ಗಂಟೆ ಇಂಗ್ಲಿಷ್, ಒಂದು ಗಂಟೆ ಕನ್ನಡ ಎಂದು ಜೋಡಿ ತರಗತಿ ನಡೆಸಲು ಖರ್ಚಾಗುವುದು ಚಹ, ಸೀಮೆಸುಣ್ಣಗಳಿಗೆ ಮಾತ್ರ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಸೂಚನೆಯನ್ನು ಇಡಲಿದ್ದೇವೆ. ಒಪ್ಪುವವರು ತಮ್ಮ ಮಕ್ಕಳ ಹೆಸರನ್ನು ಕಚೇರಿಯಲ್ಲಿ ಬರೆಸಲಿ. ಒಪ್ಪದವರೂ ತಪ್ಪದೆ ಸಭೆಗೆ ಬಂದು ತಮ್ಮ ವಿರೋಧವನ್ನು ಖಂಡತುಂಡವಾಗಿ ಹೇಳಲಿ. ಆದರೆ ದಯವಿಟ್ಟು ಕನ್ನಡದಲ್ಲಿ ಹೇಳಲಿ.